ಸ್ಟಾಪ್‌ವಾಚಿಗೆ ಸಿಗದ ಓಟ

ಮಗಳ ಮೊಬೈಲ್ ಆಟದ ಮೂಲೆಯಲ್ಲಿ ಪಿಂಗ್ ಅಂಕಿ ಮಿನುಗಿದಾಗ ಚಿಕ್ಕವಳಿದ್ದಾಗ ಅಣ್ಣನ ಜೊತೆ ಆಡಲು ಹೋಗುತ್ತಿದ್ದ ಮಂಡಿ ಮೊಹಲ್ಲಾದ ಸೈಬರ್ ಸೆಂಟರ್ ನೆನಪಾಯಿತು. ಅದನ್ನು ನಡೆಸುತ್ತಿದ್ದವರು ನಿವೃತ್ತ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಆಗಲೂ ಸ್ಟಾಪ್‌ವಾಚು. ಶೂಟಿಂಗ್ ಆಟದಲ್ಲಿ ಮೊದಲು ಗುಂಡು ಹಾರಿಸಿದರೂ ನಾನೇ ಸಾಯುತ್ತಿದ್ದೆ. "ನಿನ್ ಕೈ ನಿಧಾನ ಕಣೇ," ಎನ್ನುತ್ತಿದ್ದ, ಪಕ್ಕದ ಕಂಪ್ಯೂಟರಿನಲ್ಲಿ ನನ್ನೆದುರು ಆಡುತ್ತಿದ್ದ ಅಣ್ಣ. ನಾನೂ ನಂಬಿದ್ದೆ.

ಒಮ್ಮೆ ನಾನು ಅತ್ತಾಗ ಮೇಷ್ಟ್ರು ನನ್ನ ಕಂಪ್ಯೂಟರಿನಲ್ಲಿ ಏನೋ ಟೈಪಿಸಿ, ಬಂದ ಪಿಂಗ್ ಅಂಕಿಯನ್ನು ಅಣ್ಣನ ಕಂಪ್ಯೂಟರಿನದರ ಜೊತೆ ಹೋಲಿಸಿ ನೋಡಿದರು. "ನೀನ್ ಬಟನ್ ಒತ್ತಿದ್ ಸುದ್ದಿ ಈ ಆಟ ನಡ್ಸೋ ಕಂಪ್ಯೂಟರ್ ಇರೋ ಸಿಂಗಾಪುರಕ್ಕೆ ಹೋಗ್ಬರ್ಬೇಕು ಕಣಮ್ಮ. ನಿಮ್ಮಣ್ಣಂದು ಬೇಗ ಬತ್ತದೆ, ನಿಂದು ತಡ. ನಿನ್ ಕೈ ಸರ್ಯಾಗೇ ಅದೆ, ವೈರು ಕೆಟ್ಟದೆ."

ವೈರು ಬದಲಿಸಿ, ಸುದ್ದಿ ಹೋಗಿಬರುವ ಹೊತ್ತನ್ನು ಸ್ಟಾಪ್‌ವಾಚಿನಲ್ಲೂ ಅಳೆಯಲು ಹೊರಟರು. ಅವರ ಹೆಬ್ಬೆರಳು ಒತ್ತಿ ಮೇಲೇಳುವ ಮೊದಲೇ ಸುದ್ದಿ ಸಮುದ್ರ ದಾಟಿ ಹಿಂತಿರುಗಿತ್ತು. "ಇಂಥಾ ಓಟ ನಾನ್ ನೋಡೇ ಇರ್ಲಿಲ್ಲ," ಎಂದು ಮೇಷ್ಟ್ರು ಪಿಸುಗುಟ್ಟಿದರು. ಆ ಸಂಜೆ ಅಣ್ಣನನ್ನು ಎರಡು ಸಲ ಸೋಲಿಸಿದೆ.

ಮಗಳು ಆ ಅಂಕಿಯತ್ತ ನೋಡುವುದೂ ಇಲ್ಲ. ನಾನು ಉಸಿರು ಬಿಗಿಹಿಡಿದು ನೋಡುತ್ತೇನೆ.