ಹಾಡಿದವರ ಮುಂದೆಯೇ ಹಾಕಿದ ಡಿವಿಡಿ

ದೊಡವಾಡದಿಂದ ಮನೆಗೆ ಬಂದಿದ್ದ ಹಿರಿಯ ಭಜನೆ ಹಾಡುಗಾರರೊಬ್ಬರಿಗೆ ಖುಷಿಯಾಗಲೆಂದು ಅವರದೇ ಹಾಡುಗಳ ಡಿವಿಡಿ ಹಾಕಿದೆ. ಬೈಲಹೊಂಗಲದ ಹೆಸರುವಾಸಿ ಅಂಗಡಿಯಲ್ಲಿ ಅಸಲಿಯೆಂದು ಕೊಂಡದ್ದು. ಬೀದಿಯಲ್ಲಿ ಮಾರುವ ನಕಲಿಯನ್ನು ನಾನು ಮುಟ್ಟುವುದೇ ಇಲ್ಲ ಎಂದೂ ಕೊಚ್ಚಿಕೊಂಡೆ. ಚಿತ್ರ ಮಸುಕಾಗಿತ್ತು, ಅವರ ದನಿ ತಗಡು ಬಡಿದಂತೆ ಕೇಳಿಸಿತು. ಅವರು ಡಿವಿಡಿಯ ಡಬ್ಬಿಯನ್ನು ತಿರುಗಿಸಿ ನೋಡಿದರು.

“ಇದು ನಾವು ಮಾಡಿಸಿದ್ದಲ್ರಿ. ಯಾರೋ ನಕಲ್ ಹೊಡದಾರ,” ಎಂದರು.

ನನಗೆ ನಾಚಿಕೆಯಾಯಿತು. “ನಾಳೆ ಅಂಗಡ್ಯಾಗ ಕೇಳತೇನ್ರಿ,” ಎಂದೆ.

“ಬ್ಯಾಡ್ರಿ. ಆ ಅಂಗಡಿ ಸಾವಕಾರ್ರು ಹ್ವಾದ ವರ್ಷ ನನಗ ಶಾಲು ಹೊದಿಸ್ಯಾರ. ಅವರ ಮರ್ಯಾದಿ ಹೋಗತೈತಿ.”

ಹೆಂಡತಿ ಟಿವಿ ಆರಿಸಿದಳು. ಹಾಡುಗಾರರೇ ಗಂಟಲು ಸರಿಮಾಡಿಕೊಂಡು ಹಾಡತೊಡಗಿದರು. ಅವರ ಮುಖ ನೋಡಲಾರದೆ ನಾನು ನೆಲ ನೋಡುತ್ತ ಕೇಳಿದೆ.