ಮರದ ನೆರಳಿನ ಅಂಕಿ

ಹವಾಮಾನ ಕಚೇರಿಯಲ್ಲಿ ಅವಳನ್ನು ಎಲ್ಲರೂ ಪಾದರಸದಮ್ಮ ಎನ್ನುತ್ತಿದ್ದರು. ಬಯಲಿನ ನಡುವೆ ನಿಂತ ಬಿಳಿ ಮರದ ಪೆಟ್ಟಿಗೆಯ ಬಾಗಿಲು ತೆರೆದು, ಉಸಿರು ಬಿಗಿಹಿಡಿದು ಉಷ್ಣಮಾಪಕ ಓದುವುದು ಇಪ್ಪತ್ತೇಳು ವರ್ಷಗಳಿಂದ ಅವಳ ಕೆಲಸ. ಉಸಿರು ತಾಗಿದರೂ ಪಾದರಸ ಏರುತ್ತದೆ. ಅಕ್ಕ ಒಲೆಯ ಮೇಲಿನ ಹಾಲನ್ನೂ ಉಸಿರು ಹಿಡಿದೇ ನೋಡುತ್ತಾಳೆಂದು ತಮ್ಮ ಗೇಲಿ ಮಾಡುತ್ತಿದ್ದ.

ತಮ್ಮ ರಸ್ತೆಗೆ ಡಾಂಬರು ಹಾಕುವವನು. ನಲವತ್ತೆರಡು ಡಿಗ್ರಿ ಮುಟ್ಟಿದ ದಿನ ಮಧ್ಯಾಹ್ನ ಹೊರಗಿನ ಕೆಲಸ ನಿಲ್ಲಬೇಕೆಂದು ಸರ್ಕಾರವೇ ಆದೇಶಿಸಿತ್ತು. ಅಂಕಿ ಹೋಗುತ್ತಿದ್ದುದು ಅವಳ ಪೆಟ್ಟಿಗೆಯಿಂದ. ಹಿಂದಿನ ಬೇಸಿಗೆಯಲ್ಲಿ ಹತ್ತೊಂಬತ್ತು ದಿನ ಕೆಲಸ ನಿಂತು ರಸ್ತೆ ಮುಗಿಯಲಿಲ್ಲ. ಮಂತ್ರಿಗಳಿಗೆ ಸಿಟ್ಟು ಬಂತು.

ಈ ವರ್ಷ ಹವಾಮಾನ ಜಾಗೃತಿ ಸಪ್ತಾಹ ಮಾಡಿದರು. ಗೋಡೆಯ ಮೇಲೆ ಬೆವರುವ ಭೂಗೋಳ ಬರೆಸಿದರು. ವೇದಿಕೆಗೆ ಜಾಗ ಬೇಕೆಂದು ಪೆಟ್ಟಿಗೆಯನ್ನು ಕಿತ್ತು, ದೊಡ್ಡ ಮರದಡಿ, ಹುಲ್ಲಿಗೆ ನೀರು ಚಿಮ್ಮುವಲ್ಲಿ ನೆಟ್ಟರು. ವೇದಿಕೆ ಹೋಯಿತು. ಪೆಟ್ಟಿಗೆ ಅಲ್ಲೇ ಉಳಿಯಿತು. ಅದನ್ನು ಮತ್ತೆ ಬಯಲಿಗೆ ಸರಿಸಿ ಎಂದು ಅವಳು ಬಾಯಲ್ಲಿ ಹೇಳಿದಳು, ಬರೆದುಕೊಟ್ಟಳು. ಆಳು ಸಿಗುತ್ತಿಲ್ಲ ಎಂದರು. ಪಾದರಸ ಮತ್ತೆ ನಲವತ್ತು ದಾಟಲಿಲ್ಲ.

ಒಂದು ಮಧ್ಯಾಹ್ನ ತಮ್ಮ ಬಿಸಿ ಡಾಂಬರಿನ ಪಕ್ಕದಲ್ಲೇ ಕುಸಿದ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನೇ ಕೇಳಿದ: "ಅಕ್ಕಾ, ಇವತ್ತು ನಿನ್ನ ಪೆಟ್ಟಿಗೆ ಎಷ್ಟು ಅಂತು?"

"ಮೂವತ್ತೊಂಬತ್ತು."

"ಹಂಗಾದ್ರೆ ನಂಗೆ ಚಳಿಗೇ ತಲೆ ತಿರುಗಿರ್ಬೇಕು ಬಿಡು."

ಮರುದಿನ ಅವಳು ಅಂಕಿಯ ಪಕ್ಕದಲ್ಲಿ ಷರಾ ಬರೆದಳು: "ಪೆಟ್ಟಿಗೆ ಮರದಡಿ ಇದೆ. ಇದು ಊರಿನ ಬಿಸಿಯಲ್ಲ."

ಅಧಿಕಾರಿ ಕರೆಸಿದ. "ಏನಮ್ಮ ಇದು? ಮೊದಲು ಅಳಿಸಿ."

"ನೀವೂ ಕಾರನ್ನ ಅದೇ ಮರದಡಿ ನಿಲ್ಲಿಸ್ತೀರಲ್ಲ ಸಾರ್, ಯಾಕೆ?"

"ಜಾಸ್ತಿ ಮಾತಾಡ್ಬೇಡಿ. ಮೇಲಿನವರು ಕೇಳಿದ್ರೆ ಏನು ಹೇಳ್ಲಿ?"

"ಬಿಸಿಲಲ್ಲಿ ನಿಂತ್ಕೊಂಡು ಹೇಳಿ."

ಅವಳು ಅಳಿಸಲಿಲ್ಲ. ಪೆಟ್ಟಿಗೆ ಸರಿಸಲು ಮೂರು ತಿಂಗಳಾದರೂ ಸಿಗದ ಆಳು, ಅವಳ ಮೇಜನ್ನು ಕಡತಗಳ ಕೋಣೆಗೆ ಸಾಗಿಸಲು ಮೂರೇ ದಿನದಲ್ಲಿ ಸಿಕ್ಕಿದ.

ತಮ್ಮ ಮತ್ತೆ ಕೆಲಸಕ್ಕೆ ಹೋದ, ಹೋಗದೆ ವಿಧಿಯಿರಲಿಲ್ಲ. ಅವಳು ಸ್ವಂತಕ್ಕೊಂದು ಉಷ್ಣಮಾಪಕ ಕೊಂಡು, ಬಡಗಿಯಿಂದ ಪುಟ್ಟ ಪೆಟ್ಟಿಗೆ ಮಾಡಿಸಿ, ಕಚೇರಿಯ ಊಟದ ಬಿಡುವಿನಲ್ಲಿ ರಸ್ತೆಯ ಬಳಿ ನಿಲ್ಲಿಸಿದಳು. ಉಸಿರು ಬಿಗಿಹಿಡಿದು ಓದಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಕೂಗಿದಳು: "ನಲವತ್ತಮೂರು!"

ತಮ್ಮ ಸಲಿಕೆ ಕೆಳಗಿಟ್ಟ. ಪಕ್ಕದವನೂ ಇಟ್ಟ.

ಮೇಸ್ತ್ರಿ ಓಡಿಬಂದ. "ಅದು ಸರ್ಕಾರಿ ಅಂಕಿ ಅಲ್ಲಮ್ಮಾ!"

"ಇದು ಸರ್ಕಾರಿ ಬಿಸಿಲೂ ಅಲ್ಲಪ್ಪಾ," ಎಂದಳು.

ಆ ಮಧ್ಯಾಹ್ನ ಯಾರೂ ಸಲಿಕೆ ಎತ್ತಲಿಲ್ಲ.