ಏನೂ ಬೇಡ ಅನ್ನುವ ನಮ್ಮ ಯಜಮಾನರು

ನಮ್ಮ ಯಜಮಾನರು ಓರಿ ನಿಸ್ಲಿ ಅವರಿಗೆ ಕೊಡುವುದೆಂದರೆ ಪ್ರಾಣ, ತೆಗೆದುಕೊಳ್ಳುವುದು ಮಾತ್ರ ಆಗಿಬರುವುದಿಲ್ಲ. ಕ್ಯಾನ್ಸಸ್‌ನಲ್ಲಿ ಹಿಮ ಬಿದ್ದು ಹೊಲದ ಕೆಲಸ ನಿಂತಿತೋ, ಸುತ್ತಿಗೆ, ಗರಗಸ, ಹೆಂಡತಿ ಮೂರನ್ನೂ ಪಿಕಪ್ಪಿಗೆ ಏರಿಸಿಕೊಂಡು ನಮ್ಮ ಮೆನೊನೈಟ್ ಚರ್ಚಿನ ತಂಡದ ಜೊತೆ ಹೊರಟುಬಿಡುತ್ತಾರೆ. ಎಲ್ಲಿ ಪ್ರವಾಹವೋ, ಎಲ್ಲಿ ಬಿರುಗಾಳಿಯೋ, ಅಲ್ಲಿಗೆ. ಹನ್ನೊಂದು ಚಳಿಗಾಲ ಹೀಗೇ ಕಳೆದಿದೆ. ಅವರು ಮನೆ ಕಟ್ಟುತ್ತಾರೆ, ನಾನು ಇಪ್ಪತ್ತು ಜನಕ್ಕೆ ಬೇಯಿಸಿ ಹಾಕುತ್ತೇನೆ. ಸುಳ್ಳು ಯಾಕೆ ಹೇಳಲಿ, ನನಗೂ ಅದು ಇಷ್ಟವೇ.

ಇವರದೊಂದು ನೇಮ. ಮನೆ ಕಳೆದುಕೊಂಡವರ ಕೈಯಿಂದ ಒಂದು ಲೋಟ ನೀರೂ ಮುಟ್ಟಬಾರದು. ಸೇವೆಗೆ ಏನಾದರೂ ತೆಗೆದುಕೊಂಡರೆ ಅದು ಕೂಲಿಯಾಗುತ್ತದೆ ಅಂತ ಇವರ ಅಪ್ಪ ಹೇಳಿಕೊಟ್ಟಿದ್ದರಂತೆ. ಮಾವನವರು ದೇವರಂಥವರೇ, ಆದರೆ ಆ ಮಾತನ್ನು ಮಗನ ತಲೆಗೆ ಮೊಳೆ ಹೊಡೆದ ಹಾಗೆ ಕೂರಿಸಿ ಹೋದರು.

ಕಳೆದ ಜನವರಿಯಲ್ಲಿ ಲೂಸಿಯಾನದ ದಕ್ಷಿಣ ತುದಿಗೆ, ಕಡಲಂಚಿಗೆ ಹೋದೆವು. ವಿಲ್ಮಾ ವೆರ್ಡಿನ್ ಅಂತ, ಏಡಿ ಹಿಡಿದು ಬದುಕಿದ ವಿಧವೆ, ಎಪ್ಪತ್ತು ದಾಟಿದವಳು. ಚಂಡಮಾರುತ ಅವಳ ಮನೆಯನ್ನು ಎತ್ತಿಕೊಂಡು ಹೋಗಿತ್ತು. ಹದಿನಾರು ತಿಂಗಳಿಂದ ಸರ್ಕಾರ ಕೊಟ್ಟ ಚಕ್ರದ ಮನೆ, ಟ್ರೇಲರಿನಲ್ಲಿ ವಾಸ. ಹೊಸ ಮನೆಗೆ ನೀರು ಏರಿದರೂ ಮುಟ್ಟದಷ್ಟು ಎತ್ತರದ ಕಂಬ, ಮೆಟ್ಟಿಲು, ಮರದ ಚೌಕಟ್ಟು ಹಿಂದಿನ ತಂಡದವರೇ ನಿಲ್ಲಿಸಿದ್ದರು. ಗೋಡೆ, ಬಾಗಿಲು ನಮ್ಮ ಪಾಲಿಗೆ ಉಳಿದಿತ್ತು.

ಮೊದಲ ದಿನವೇ ವಿಲ್ಮಕ್ಕ ಪಾತ್ರೆ ತುಂಬ ಏಡಿ ಸಾರು, ಅನ್ನ ತಂದಳು. ಇವರು ಟೋಪಿ ತೆಗೆದು, ನಮ್ಮ ಬುತ್ತಿ ಇದೆ, ನಿಮಗೇಕೆ ತೊಂದರೆ ಅಂದರು. ಎರಡನೆಯ ದಿನ ಬೆಂಡೆಕಾಯಿ, ಸೀಗಡಿ. ಇವರದು ಅದೇ ಮಾತು. ಮೂರನೆಯ ದಿನವೂ ಅದೇ. ತಂಡದವರು ಆ ಘಮ ಕುಡಿಯುತ್ತ ನನ್ನ ಒಣ ಸ್ಯಾಂಡ್‌ವಿಚ್ ಅಗಿದರಂತೆ. ಕೇಳಿ ನನಗೆ ಒಳಗೊಳಗೇ ಉರಿಯಿತು.

ನಾಲ್ಕನೆಯ ದಿನ ಮಧ್ಯಾಹ್ನ ಬುತ್ತಿ ಹಿಡಿದು ಬಿಡಾರದಿಂದ ನಾನೇ ಹೋದೆ. ಸುತ್ತಿಗೆಯ ಸದ್ದೇ ಇಲ್ಲ. ವಿಲ್ಮಕ್ಕ ಏಡಿ ಸಾರಿನ ಪಾತ್ರೆಯನ್ನು ತೊಡೆಯ ಮೇಲೆ, ತಟ್ಟೆಗಳನ್ನು ಪಕ್ಕದಲ್ಲಿ ಇಟ್ಟುಕೊಂಡು ಮೆಟ್ಟಿಲ ನಡುವೆ ಕೂತುಬಿಟ್ಟಿದ್ದಾಳೆ, ಯಾರನ್ನೂ ಮೇಲೆ ಬಿಡುತ್ತಿಲ್ಲ. ಕೆಲಸ ನಿಂತರೆ ತಂಡ ಮುಂದಿನ ಮನೆಗೆ ಹೋಗಬೇಕು, ಇನ್ನೂ ಒಂಬತ್ತು ಮನೆಗಳು ಕಾಯುತ್ತಿದ್ದವು. ಅದು ಅವಳಿಗೂ ಗೊತ್ತು. ಗೊತ್ತಿದ್ದೇ ಕೂತಿದ್ದಳು.

"ನೋಡಪ್ಪಾ," ಅಂದಳು ಇವರಿಗೆ, "ಹದಿನಾರು ತಿಂಗಳಿಂದ ಬರೀ ಇಸ್ಕೊಂಡು ಇಸ್ಕೊಂಡು ಸಾಕಾಗಿದೆ. ಹೊದಿಕೆ ಇಸ್ಕೊಂಡೆ, ಡಬ್ಬಿ ಊಟ ಇಸ್ಕೊಂಡೆ, ಯಾರೋ ಬಿಟ್ಟ ಚಪ್ಪಲಿ ಇಸ್ಕೊಂಡೆ. ನಾನು ಬಡಿಸಿದ್ದು ಉಣ್ಣದೋರು ಕಟ್ಟಿದ ಮನೆ ನಂಗೆ ಬೇಡ. ಟ್ರೇಲರೇ ಸಾಕು."

ನನಗೆ ಸಿಟ್ಟು ಬಂತು. "ರೀ, ನಿಮ್ಮ ನೇಮ ಉಳಿಸ್ಕೊಳ್ಳೋಕೆ ಅವಳ ಮಾನ ತೆಗೀತೀರಾ?" ಅಂದೆ. ನಲವತ್ತೊಂದು ವರ್ಷದ ಸಂಸಾರದಲ್ಲಿ ನಾಲ್ಕು ಜನರ ಮುಂದೆ ಇವರನ್ನು ಹಾಗೆ ಕೇಳಿದ್ದು ಅದೇ ಮೊದಲು.

ಇವರು ಟೋಪಿ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತು, ನಮ್ಮ ರೂಢಿಯಂತೆ ಕಣ್ಣು ಮುಚ್ಚಿ ಮೌನವಾಗಿ ಪ್ರಾರ್ಥಿಸಿ, ಒಂದು ತಟ್ಟೆ ತೆಗೆದು ಅವಳ ಮುಂದೆ ಚಾಚಿದರು. ಚಾಚಿದ್ದೇನೋ ಸರಿ, ಏಡಿ ತಿನ್ನಲು ಬರಬೇಕಲ್ಲ. ಹಂದಿ ಸಾಕಿ ಬೆಳೆದ ಮನುಷ್ಯ, ಚಿಪ್ಪನ್ನೇ ಕಟಕ್ಕನೆ ಕಚ್ಚಿದರು. ವಿಲ್ಮಕ್ಕ ಅಯ್ಯಯ್ಯೋ ಅಂತ ಕೈಯಿಂದ ಕಿತ್ತುಕೊಂಡು, ಏಡಿಯ ಕಾಲು ಮುರಿದು, ಮಾಂಸ ಬಿಡಿಸಿ ಬಿಡಿಸಿ ಇಟ್ಟಳು, ಚಿಕ್ಕ ಮಗುವಿಗೆ ಇಡುವ ಹಾಗೆ. ಗಡ್ಡದ ಮೇಲೆಲ್ಲ ಸಾರು ಹರಿಯಿತು. ಎಲ್ಲರೂ ನಕ್ಕರು, ಇವರೂ ನಕ್ಕರು.

ತಟ್ಟೆ ಖಾಲಿಯಾಯಿತು. ಇವರು ಅದನ್ನು ಕೆಳಗಿಡಲಿಲ್ಲ.

"ಇನ್ನೂ ಒಂಚೂರು ಹಾಕ್ತೀರಾ, ವಿಲ್ಮಕ್ಕಾ?"

ವಿಲ್ಮಕ್ಕ ಪಾತ್ರೆ ಎತ್ತಿಕೊಂಡು ಎದ್ದಳು, ಮೆಟ್ಟಿಲು ಹತ್ತಿದಳು, ಬರೀ ಮರದ ಚೌಕಟ್ಟಿದ್ದ ಅಡುಗೆಮನೆಯಲ್ಲಿ ಹೋಗಿ ನಿಂತು ನಮ್ಮ ಕಡೆ ತಿರುಗಿದಳು. "ಬನ್ನಿ," ಅಂದಳು, "ಒಳಗೆ ಬನ್ನಿ."

ನಾಲ್ಕು ದಿನ ಆ ಮನೆಯೊಳಗೆ ಬೂಟುಗಾಲಲ್ಲೇ ಓಡಾಡಿದ್ದ ಇವರು, ಇನ್ನೂ ಬಾಗಿಲು ಕೂರಿಸದ ಹೊಸ್ತಿಲ ಹೊರಗೆ ಬೂಟು ಬಿಚ್ಚಿಟ್ಟು ಒಳಗೆ ಹೋದರು.